ಟೀಚರ್ ಕಂಡ ಸಮುದ್ರ

ಮದುವೆಯಾಗಿ ಚಿಕ್ಕಮಗಳೂರಿಗೆ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದರೂ ನಾನು ಮುಳ್ಳಯ್ಯನಗಿರಿ ಹತ್ತಿರಲಿಲ್ಲ. ಹೊರಗಿನವರ ಮುಂದೆ ಇದನ್ನು ಹೇಳಿದರೆ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಬೆಟ್ಟ ಎದುರಿಗೇ ಇರುತ್ತದೆ. ಅದರ ತಲೆಯ ಮೇಲೆ ಮೋಡ ಕೂತರೆ ಬಟ್ಟೆ ಒಳಗೆ ತರುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ. ಬೆಟ್ಟಕ್ಕೂ ನನಗೂ ಇದ್ದ ವ್ಯವಹಾರ ಅಷ್ಟೇ. ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ಶನಿವಾರ, ಭಾನುವಾರ ಹೊರಗಿನ ಕಾರುಗಳು ಅಂಗಡಿಯ ಮುಂದೆ ನಿಂತು ದಾರಿ ಕೇಳುತ್ತವೆ. ನನ್ನ ಗಂಡ ಕೈಯಲ್ಲಿದ್ದ ಕೊಳಗ ಒರೆಸುತ್ತಲೇ "ಸೀದಾ ಹೋಗಿ, ಕೈಮರದಲ್ಲಿ ಎಡಕ್ಕೆ" ಎನ್ನುತ್ತಾರೆ. ಅವರು ಹೋದದ್ದೂ ಹೈಸ್ಕೂಲಿನಲ್ಲಿದ್ದಾಗ ಒಂದೇ ಸಲ.

ನಾನು ಕೊನೆಗೂ ಬೆಟ್ಟಕ್ಕೆ ಹೋದದ್ದು ನನ್ನ ಸೋದರತ್ತೆಯಿಂದಾಗಿ. ಅಪ್ಪನ ತಂಗಿ, ಎಪ್ಪತ್ತನಾಲ್ಕು ವರ್ಷ. ಮೂಡಿಗೆರೆ ಪೇಟೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಕೆಲಸದಲ್ಲಿದ್ದಷ್ಟು ಕಾಲವೂ ಬಾಳೂರು ಕಡೆಯ ಒಂದು ಸಣ್ಣ ಶಾಲೆಯಲ್ಲಿ ಟೀಚರ್ ಆಗಿದ್ದವರು. ಒಂದರಿಂದ ನಾಲ್ಕನೇ ತರಗತಿಯವರೆಗೆ ಒಂದೇ ಕೋಣೆ, ಒಬ್ಬರೇ ಟೀಚರ್. ನಿವೃತ್ತರಾಗಿ ಇಷ್ಟು ವರ್ಷವಾದರೂ ಅವರು ಮನೆಗೆ ಬಂದರೆ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರುವುದು.

ಆ ವರ್ಷ ಅವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದ್ದರು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿದರು.

"ಬೆಟ್ಟಕ್ಕೆ ಹೋಗ್ಬೇಕು ಮಾರಾಯ್ತಿ. ಗೈಡ್ ಇರೋ ಗಾಡಿ ಇರ್ತದಂತಲ್ಲ, ಬೆಳಿಗ್ಗೆ ಕರ್ಕೊಂಡು ಹೋಗಿ ಸಂಜೆ ಬಿಡೋದು. ಅದ್ರಲ್ಲಿ ಎರಡು ಸೀಟು ಹೇಳು."

"ಗೈಡ್ ಎಂತಕ್ಕೆ ಅತ್ತೆ? ನಮ್ಮ ಕಾರೇ ಇದೆಯಲ್ಲ."

"ಕಾರು ಬೇಡ. ನಿನ್ನ ಗಂಡ ಬಂದ್ರೆ ಊರಿಗೆಲ್ಲ ಹೇಳ್ತಾರೆ. ನನ್ನ ಮಗನಿಗೂ ಗೊತ್ತಾಗೋದು ಬೇಡ. ಕಣ್ಣು ತೋರಿಸೋಕೆ ಬಂದಿದ್ದೀನಿ ಅಂತ ಇರ್ಲಿ."

ಬೆಟ್ಟ ನೋಡುವುದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ನನಗೆ ತಿಳಿಯಲಿಲ್ಲ. ಆದರೆ ಟೀಚರನ್ನು ಎರಡು ಸಲ ಪ್ರಶ್ನೆ ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಹೊರಡುವ ದಿನ ಅವರು ತಯಾರಾಗಿ ಬಂದು ನಿಂತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ಕೊಟ್ಟಿದ್ದ ದೊಡ್ಡ ಕಪ್ಪು ಕನ್ನಡಕ, ತಲೆಗೆ ಸುತ್ತಿದ ಸ್ಕಾರ್ಫು, ಸೀರೆಯ ಮೇಲೆ ಮಗನ ಸ್ವೆಟರು, ಕಾಲಿಗೆ ಸೊಸೆಯ ಕ್ಯಾನ್ವಾಸ್ ಶೂ. ಮುಖದಲ್ಲಿ ಕಾಣುತ್ತಿದ್ದದ್ದು ಮೂಗು ಮಾತ್ರ.

"ಯಾರಾದ್ರೂ ಗುರ್ತು ಹಿಡಿತಾರಾ?" ಎಂದು ಕೇಳಿದರು.

"ಅತ್ತೆ, ನಿಮ್ಮ ಮಗನೇ ಎದುರಿಗೆ ಬಂದ್ರೂ ನಮಸ್ಕಾರ ಮಾಡಿ ಮುಂದೆ ಹೋಗ್ತಾನೆ."

ಅವರಿಗೆ ಸಮಾಧಾನವಾಯಿತು.

ಟೆಂಪೋದಲ್ಲಿ ನಾವು ಹನ್ನೊಂದು ಜನ. ನಮ್ಮ ಮುಂದಿನ ಸೀಟಿನಲ್ಲಿ ಮೈಸೂರಿನ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಪಕ್ಕದಲ್ಲಿ ಅವರ ಹೆಂಡತಿ. ಮ್ಯಾನೇಜರ ಫೋನಿನಲ್ಲಿ ನಾವು ಎಷ್ಟು ಎತ್ತರದಲ್ಲಿದ್ದೇವೆಂದು ತೋರಿಸುವ ಏನೋ ಒಂದಿತ್ತು. ಊರು ಬಿಡುವ ಮೊದಲೇ ಅವರು ಎತ್ತರ ಹೇಳಲು ಶುರು ಮಾಡಿದ್ದರು. ಹಿಂದಿನ ಸೀಟಿನಲ್ಲಿ ಹುಬ್ಬಳ್ಳಿಯಿಂದ ಬಂದ ಹೊಸ ಜೋಡಿ. ಹುಡುಗಿಯ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ.

ಗೈಡ್ ನಲವತ್ತು ದಾಟಿದ ಮನುಷ್ಯ. ದಪ್ಪ ಮೀಸೆ, ಕೈಯಲ್ಲಿ ಮೈಕು. ಎಪಿಎಂಸಿ ದಾಟುತ್ತಿದ್ದಂತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

"ಎಲ್ರಿಗೂ ನಮಸ್ಕಾರ. ನಂದು ಬಾಳೂರು ಕಡೆ. ಅಪ್ಪ, ಅಮ್ಮ ಎಸ್ಟೇಟಲ್ಲಿ ಕೆಲಸಕ್ಕಿದ್ರು. ನಂಗೆ ಈ ಬೆಟ್ಟದ ಹುಚ್ಚು ಹಿಡಿಸಿದ್ದು ನಮ್ಮ ಶಾಲೆ ಟೀಚರ್. ರಸ್ತೆನೇ ಇಲ್ದಿದ್ದ ಕಾಲದಲ್ಲಿ ಅವ್ರು ನಡ್ಕೊಂಡು ಹತ್ತಿದ್ರಂತೆ. ತುದೀಲಿ ನಿಂತು ಪಶ್ಚಿಮಕ್ಕೆ ನೋಡಿದ್ರೆ ಸಮುದ್ರ ಕಾಣ್ತದೆ, ಬೆಳ್ಳಿ ಎಳೆ ಎಳೆದ ಹಾಗೆ ಇರ್ತದೆ ಅಂತಿದ್ರು. ಒಂದು ಹಡಗೂ ಕಂಡಿತ್ತಂತೆ ಅವ್ರಿಗೆ."

"ಸಮುದ್ರವಾ? ಇಲ್ಲಿಂದಲಾ?" ಮ್ಯಾನೇಜರು ಫೋನಿನ ಮೇಲೆ ಬೆರಳಾಡಿಸತೊಡಗಿದರು.

ಅಷ್ಟರಲ್ಲಿ ನನ್ನ ಮುಂಗೈಯನ್ನು ಯಾರೋ ಬಿಗಿಯಾಗಿ ಹಿಡಿದರು. ತಿರುಗಿ ನೋಡಿದರೆ ಅತ್ತೆ ಸೀಟಿನಲ್ಲಿ ಅರ್ಧ ಕೆಳಗೆ ಜಾರಿದ್ದರು. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ಹಡಗು ನಾನು ಹೇಳಿಲ್ಲ. ಅದು ಅವ್ನೇ ಸೇರಿಸ್ಕೊಂಡದ್ದು."

ನನಗೆ ಅರ್ಥವಾಗಲು ಒಂದು ತಿರುವು ಬೇಕಾಯಿತು. "ಆ ಟೀಚರ್ ನೀವಾ?"

"ಮೆಲ್ಲಗೆ ಮಾತಾಡು."

"ನೀವು ಬೆಟ್ಟ ಹತ್ತಿದ್ರಾ? ನಮ್ಗೆ ಯಾವತ್ತೂ ಹೇಳಿಲ್ವಲ್ಲ!"

"ಹತ್ತಿದ್ರೆ ಈಗ ಎಂತಕ್ಕೆ ಬರ್ತಿದ್ದೆ?"

ಆಮೇಲೆ ಕೈಮರದವರೆಗೂ ಅತ್ತೆ ಪಿಸುಮಾತಿನಲ್ಲಿ ಹೇಳಿದ್ದು ಇದು. ಕೆಲಸಕ್ಕೆ ಸೇರಿದ ಹೊಸತು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಒಂದು ಹುಡುಗಿ ಎದ್ದು ನಿಂತು, "ಟೀಚರ್, ನೀವು ಹತ್ತಿದ್ದೀರಾ?" ಎಂದು ಕೇಳಿದಳು. ಅವರಿಗಾಗ ಇಪ್ಪತ್ತೆರಡು ವರ್ಷ. ಗೊತ್ತಿಲ್ಲ, ಇಲ್ಲ ಎಂದರೆ ಮಕ್ಕಳು ಮರ್ಯಾದೆ ಕೊಡುವುದಿಲ್ಲ ಎಂದು ಹೆದರಿಕೆ. "ಹೂಂ" ಎಂದುಬಿಟ್ಟರು. ಅಲ್ಲಿಗೆ ಮುಗಿಯಲಿಲ್ಲ. ಮೇಲೆ ಏನು ಕಾಣುತ್ತದೆ ಎಂದು ಇನ್ನೊಬ್ಬ ಕೇಳಿದ. ಆ ಮಕ್ಕಳಲ್ಲಿ ಒಬ್ಬರೂ ಸಮುದ್ರ ನೋಡಿರಲಿಲ್ಲ. ಅತ್ತೆಯ ಬಾಯಿಗೆ ಅದೇ ಬಂತು.

"ಒಂದು ಸಲ ಹೇಳಿ ಬಿಡಬಹುದಿತ್ತಲ್ಲ ಅತ್ತೆ."

"ಬಿಡೋಕೆ ಅವು ಬಿಟ್ರೆ ತಾನೇ! ಒಂದೇ ಕೋಣೆ. ಒಂದನೇ ಕ್ಲಾಸಲ್ಲಿ ಕೇಳಿದ್ದನ್ನ ನಾಲ್ಕನೇ ಕ್ಲಾಸಿನ ತನಕ ಪ್ರತಿ ವರ್ಷ ಕೇಳ್ತಿದ್ವು. ನಾನೊಂದು ಮಾತು ಆಚೀಚೆ ಮಾಡಿದ್ರೆ, 'ಟೀಚರ್, ಹೋದ ವರ್ಷ ಬೆಳ್ಳಿ ಎಳೆ ಅಂದಿದ್ರಿ, ಈಗ ಬಿಳೀ ದಾರ ಅಂತೀರಿ' ಅಂತ ತಿದ್ದುತ್ತಿದ್ವು. ಕೊನೆಗೆ ಬಾಯಿಪಾಠ ಮಾಡ್ಕೊಂಡೆ."

ಹಾಗೆ ಹೇಳುತ್ತಾ ಹೇಳುತ್ತಾ ನಿವೃತ್ತಿಯ ದಿನ ಬಂತಂತೆ. ಆಮೇಲೂ ಯಾರ ಜೊತೆಗೂ ಬೆಟ್ಟಕ್ಕೆ ಹೋಗಲು ಧೈರ್ಯ ಬರಲಿಲ್ಲ. ಮೂಡಿಗೆರೆಯಲ್ಲಿ ಬಸ್ಸಿನ ಕಂಡಕ್ಟರನಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಅರ್ಧ ಜನ ಅವರ ವಿದ್ಯಾರ್ಥಿಗಳೇ. ಟೀಚರ್ ಮೊದಲ ಸಲ ಬೆಟ್ಟಕ್ಕೆ ಹೋದರು ಎಂದು ಸುದ್ದಿಯಾದರೆ ಏನು ಗತಿ? ಗುರುತಿಲ್ಲದವರ ಜೊತೆ ಒಂದು ದಿನ ಕದ್ದು ಹೋಗಿ ಬರುವುದೇ ಸರಿ ಎಂದುಕೊಂಡಿದ್ದರು. ಕಣ್ಣು ಸರಿಹೋದ ಮೇಲೆ ಆ ಆಸೆ ಇನ್ನೂ ಜೋರಾಯಿತು. ಈಗ ನೋಡಿದರೆ ಗೈಡೇ ಅವರ ಶಾಲೆಯವನು.

"ಇಳಿದು ವಾಪಸ್ ಹೋಗೋಣ," ಎಂದರು.

"ಇಳಿಯೋಕೆ ಹೋದ್ರೆ ಏನಾಯ್ತು ಅಂತ ಅವ್ನೇ ಓಡಿ ಬರ್ತಾನೆ. ಸುಮ್ನೆ ಕೂತ್ಕೊಳಿ. ನೀವು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗಲ್ಲ."

ಬಾಯಿ ಬಿಡದಿರುವುದು ಅತ್ತೆಗೆ ಎಷ್ಟು ಕಷ್ಟ ಎಂದು ನನಗೆ ಅಂದೇ ತಿಳಿದದ್ದು. ಗೈಡ್ ಮೈಕಿನಲ್ಲಿ ಒಂದೊಂದು ತಪ್ಪು ಮಾತಾಡಿದಾಗಲೂ ಅವರ ತುಟಿ ಅಲುಗುತ್ತಿತ್ತು. "ಹಳ್ಳಿಗಳು ಇದೆ" ಎಂದ. ಅತ್ತೆ ನನ್ನ ಕೈ ಚಿವುಟಿ "ಇವೆ" ಎಂದರು. ಬಾಬಾಬುಡನ್‌ಗಿರಿಗೆ ಕಾಫಿ ಬೀಜ ಬಂದ ಕತೆ ಹೇಳುವಾಗ ಅವನು ಏಳು ಬೀಜ ಎಂದದ್ದಕ್ಕೆ ತಲೆಯಾಡಿಸಿದರು. ಅದು ಸರಿಯಿತ್ತು. ಹೋದ ದಾರಿಯಲ್ಲೆಲ್ಲ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುವ ಕೆಲಸ ನಡೆದಿತ್ತು. ಗೈಡ್ ಕಿಟಕಿಯಿಂದ ಕೈ ಹೊರಗೆ ಹಾಕಿ ಒಬ್ಬ ಮೇಸ್ತ್ರಿಯನ್ನು ಮಾತಾಡಿಸಿದ. ಮೈಕು ಆಫ್ ಮಾಡಿದಾಗ ಅವನ ಮಾತು ಬೇರೆಯೇ ಆಗುತ್ತಿತ್ತು.

ಸೀತಾಳಯ್ಯನಗಿರಿಯಲ್ಲಿ ಟೆಂಪೋ ನಿಂತಿತು. ಅಲ್ಲಿಂದ ಮುಂದೆ ಜೀಪು. ಆ ದಾರಿಯ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ನಾನು ಮುಕ್ಕಾಲು ಪಾಲು ಕಣ್ಣು ಮುಚ್ಚಿಕೊಂಡಿದ್ದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಎದುರಿನಿಂದ ಬಂದ ಜೀಪಿಗೆ ನಮ್ಮ ಡ್ರೈವರ್ ಒಂದೇ ಕೈಯಲ್ಲಿ ಹಿಂದಕ್ಕೆ ತೆಗೆದು ದಾರಿ ಬಿಟ್ಟ. ಮ್ಯಾನೇಜರು ಅಷ್ಟರಲ್ಲೂ ಎತ್ತರ ಹೇಳುತ್ತಿದ್ದರು. ಅತ್ತೆ ಮಾತ್ರ ಕಂಬಿ ಹಿಡಿದು, ಕುತ್ತಿಗೆ ಹೊರಗೆ ಚಾಚಿ, ಹೊಸ ಕಣ್ಣಿನಿಂದ ಕಣಿವೆಯನ್ನು ನೋಡುತ್ತಿದ್ದರು. ಕೆಳಗೆ ಬೀಳುವುದಕ್ಕಿಂತ ಗುರುತು ಸಿಗುವುದರ ಭಯ ಅವರಿಗೆ ಹೆಚ್ಚಾಗಿತ್ತೇನೋ.

ಜೀಪು ಇಳಿದ ಮೇಲೆ ಮೆಟ್ಟಿಲು. ಇದ್ದಕ್ಕಿದ್ದಂತೆ ಮಂಜು ಬಂದು ಮುಂದಿನ ಹತ್ತು ಮೆಟ್ಟಿಲು ಬಿಟ್ಟು ಮತ್ತೇನೂ ಕಾಣದಾಯಿತು. ಅತ್ತೆ ಇಪ್ಪತ್ತು ಮೆಟ್ಟಿಲಿಗೆ ಒಮ್ಮೆ ನಿಲ್ಲುತ್ತಾ, ನನ್ನ ಭುಜ ಹಿಡಿದು ಹತ್ತುತ್ತಿದ್ದರು. ಗೈಡ್ ಎಲ್ಲರಿಗಿಂತ ಹಿಂದೆ ನಮ್ಮ ಜೊತೆ ಬರುತ್ತಿದ್ದ. "ನಿಧಾನ ಅಜ್ಜಿ, ಅವಸರ ಇಲ್ಲ" ಎಂದ. ಅಜ್ಜಿ ಎಂದದ್ದು ಅತ್ತೆಗೆ ಹಿಡಿಸಲಿಲ್ಲ. ಆದರೂ ತುಟಿ ಬಿಗಿಹಿಡಿದರು.

ಅರ್ಧ ದಾರಿಯಲ್ಲಿ ಮ್ಯಾನೇಜರು ಕೂತು ಬಿಸ್ಕತ್ತು ತಿನ್ನುತ್ತಿದ್ದರು. ತಿಂದು ಮುಗಿಸಿ, ಖಾಲಿ ಪ್ಯಾಕೆಟ್ಟನ್ನು ಮುದುರಿ ಮೆಟ್ಟಿಲ ಪಕ್ಕದ ಹುಲ್ಲಿಗೆ ಎಸೆದರು.

"ಯಾರದು ಅದು? ಎತ್ತು!"

ಆ ಧ್ವನಿ ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಮ್ಯಾನೇಜರು ಬೆಚ್ಚಿ ಬಗ್ಗಿದರು. ಅದೇ ಹೊತ್ತಿಗೆ, ಏನೂ ಎಸೆಯದ ಗೈಡ್ ಕೂಡ ಓಡಿ ಬಂದು ಬಗ್ಗಿದ. ಇಬ್ಬರ ತಲೆಗಳೂ ಢಿಕ್ಕಿ ಹೊಡೆದವು. ಪ್ಯಾಕೆಟ್ಟು ಸಿಕ್ಕಿದ್ದು ಗೈಡಿಗೆ. ಅದನ್ನು ಹಿಡಿದುಕೊಂಡು, ಎರಡೂ ಕಾಲು ಜೋಡಿಸಿ, ನೆಟ್ಟಗೆ ನಿಂತುಬಿಟ್ಟ. ಆಮೇಲೆ ನಿಧಾನವಾಗಿ ನಮ್ಮ ಕಡೆ ತಿರುಗಿದ.

"ಟೀಚರ್?"

ಅತ್ತೆ ಸ್ಕಾರ್ಫನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

"ಟೀಚರ್, ಕನ್ನಡಕ ಒಂಚೂರು ತೆಗೀರಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅತ್ತೆ ಕನ್ನಡಕ ತೆಗೆದರು. ಅವನು ಅಲ್ಲೇ ಮೆಟ್ಟಿಲ ಮೇಲೆ ಅವರ ಕಾಲಿಗೆ ಬಿದ್ದ.

"ಏಳಪ್ಪ, ಏಳು. ನೀನು ಒಂಬತ್ತರ ಮಗ್ಗಿ ಬರದೆ ಅತ್ತವನಲ್ವಾ?"

"ಅದು ನಮ್ಮಣ್ಣ ಟೀಚರ್. ನಾನು ಬೆಂಚಿನ ಕೆಳಗೆ ನಿದ್ದೆ ಮಾಡಿ ಸಿಕ್ಕಿಬಿದ್ದವ್ನು."

"ಓ, ನೀನಾ! ಗೊರಕೆ ಹೊಡೀತಿದ್ದೆ."

"ಈಗ್ಲೂ ಹೊಡೀತೀನಿ ಟೀಚರ್," ಎಂದು ಅವನು ಕಣ್ಣೊರೆಸಿಕೊಂಡ. ನಂತರ ಮೇಲಿನ ಮೆಟ್ಟಿಲುಗಳ ಕಡೆ ತಿರುಗಿ, ಮೈಕಿನ ಅಗತ್ಯವೇ ಇಲ್ಲದಂತೆ ಕೂಗಿದ. "ಎಲ್ರೂ ಕೇಳಿ! ನಾನು ಹೇಳಿದ್ನಲ್ಲ, ನಮ್ಮ ಟೀಚರ್, ಇವ್ರೇ! ಇಷ್ಟು ಹೊತ್ತೂ ನಮ್ಮ ಗಾಡೀಲೇ ಇದ್ರು!"

ಅಲ್ಲಿಂದ ಮುಂದೆ ಅತ್ತೆಗೆ ರಾಜಮರ್ಯಾದೆ. ಹುಬ್ಬಳ್ಳಿಯ ಹುಡುಗ ಒಂದು ಕಡೆ, ಗೈಡ್ ಇನ್ನೊಂದು ಕಡೆ ಕೈ ಹಿಡಿದು ಹತ್ತಿಸಿದರು. ಗದರಿಸಿಕೊಂಡ ಮ್ಯಾನೇಜರು ಕೂಡ ನೀರು ಕೊಟ್ಟರು. ಅತ್ತೆಯ ಮುಖ ಮಾತ್ರ ಪರೀಕ್ಷೆಗೆ ಓದದೆ ಬಂದವರ ಹಾಗೆ ಇತ್ತು.

ತುದಿ ತಲುಪಿ ದೇವಸ್ಥಾನದಲ್ಲಿ ಕೈಮುಗಿದು ಹೊರಗೆ ಬಂದೆವು. ಸುತ್ತಲೂ ಮಂಜು. ಕೈಗೆ ಸಿಗುವಷ್ಟು ಹತ್ತಿರದಲ್ಲಿ ಬಿಳಿ ಗೋಡೆ ನಿಂತ ಹಾಗೆ. ಗೈಡ್ ಎಲ್ಲರನ್ನೂ ಕಟ್ಟೆಯ ಹತ್ತಿರ ಸೇರಿಸಿದ.

"ಇಲ್ಲಿ ದಿನಾ ನಾನು ಮಾತಾಡ್ತೀನಿ. ಇವತ್ತು ಮಾತಾಡಲ್ಲ. ನಮ್ಮ ಟೀಚರ್ ಹೇಳ್ತಾರೆ. ಹೇಳಿ ಟೀಚರ್, ಅವತ್ತು ಹೇಗಿತ್ತು?"

ಹನ್ನೊಂದು ಜನರ ಜೊತೆ ಬೇರೆ ಗುಂಪಿನವರೂ ಬಂದು ನಿಂತರು. ಮ್ಯಾನೇಜರು ಕೇಳಿಯೇಬಿಟ್ಟರು. "ಮೇಡಂ, ಆಗ ರಸ್ತೆ ಇರಲಿಲ್ಲ ಅಂದ್ರಲ್ಲ, ಯಾವ ಕಡೆಯಿಂದ ಹತ್ತಿದ್ರಿ?"

ಅತ್ತೆ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಅವರು ಒಂದು ಹೊಸ ಕತೆ ಕಟ್ಟಿದ್ದರೆ ಆ ಮಂಜಿನಲ್ಲಿ ಯಾರೂ ಸುಳ್ಳು ಎನ್ನುವಂತಿರಲಿಲ್ಲ. ಸಮುದ್ರ ಆ ಕಡೆ ಎಂದು ಬೆರಳು ತೋರಿಸಿದ್ದರೆ ಎಲ್ಲರೂ ಬಿಳಿ ಗೋಡೆಯ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಅದನ್ನೇ ನಿರೀಕ್ಷಿಸುತ್ತಿದ್ದೆ.

ಅತ್ತೆ ಸ್ಕಾರ್ಫು ಬಿಚ್ಚಿ ಮಡಿಸಿ ಕೈಯಲ್ಲಿ ಹಿಡಿದರು. ಶಾಲೆಯಲ್ಲಿ ಪಾಠ ಶುರುಮಾಡುವ ಧ್ವನಿಯಲ್ಲಿ ಹೇಳಿದರು.

"ನಾನು ಹತ್ತಿರ್ಲಿಲ್ಲ. ಇವತ್ತೇ ಮೊದಲ್ನೇ ಸಲ ಬಂದಿರೋದು. ಆ ಮಕ್ಕಳಿಗೆ ನಾನು ಸುಳ್ಳು ಹೇಳಿದ್ದೆ."

ಹುಬ್ಬಳ್ಳಿಯ ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾನು ಗೈಡನ ಮುಖ ನೋಡಲು ಹೆದರಿದೆ. ಇಷ್ಟು ವರ್ಷ ದಿನವೂ ಮೈಕಿನಲ್ಲಿ ಹೇಳಿಕೊಂಡು ಬಂದ ಮಾತು ಅದು.

ಅವನು ಮೀಸೆಯಲ್ಲೇ ನಗುತ್ತಿದ್ದ.

"ಗೊತ್ತು ಟೀಚರ್."

"ಎಂತ ಗೊತ್ತು?"

"ನಂಗೆ ಇಪ್ಪತ್ತು ವರ್ಷ ಇದ್ದಾಗ ಮೊದಲ್ನೇ ಸಲ ಬಂದೆ. ಬೆಳಿಗ್ಗೆ ಹತ್ತಿದವ್ನು ಮಧ್ಯಾಹ್ನದ ತನಕ ಇಲ್ಲೇ ಕೂತಿದ್ದೆ, ಸಮುದ್ರ ಹುಡುಕ್ತಾ. ನನ್ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ. ಮಾರನೇ ವಾರ ಮತ್ತೆ ಬಂದೆ. ಆಮೇಲೆ ಮಳೆ ಬಿಟ್ಟ ಮೇಲೆ ಬಂದೆ. ಹೀಗೆ ಬಂದೂ ಬಂದೂ ದಾರಿಯೆಲ್ಲ ಗೊತ್ತಾಯ್ತು. ಯಾರೋ ಬಂದವ್ರು ದಾರಿ ತೋರ್ಸು ಅಂದ್ರು, ತೋರ್ಸಿದೆ. ಗೈಡ್ ಆಗ್ಬಿಟ್ಟೆ."

"ಸಿಟ್ಟು ಬರ್ಲಿಲ್ವಾ ನನ್ ಮೇಲೆ?"

"ಬಂದಿತ್ತು ಟೀಚರ್! ಒಂದಿನ ಮೂಡಿಗೆರೆಗೆ ಬಂದು ನಿಮ್ಮನ್ನ ಕೇಳೇಬಿಡ್ಬೇಕು ಅಂತಿದ್ದೆ. ಆಮೇಲೆ ಧೈರ್ಯ ಸಾಕಾಗ್ಲಿಲ್ಲ, ನೀವೇ ನಂಗೆ ಏನಾದ್ರೂ ಪ್ರಶ್ನೆ ಕೇಳ್ಬಿಟ್ರೆ ಅಂತ."

"ಮತ್ತೆ ಗೊತ್ತಿದ್ದೂ ಜನಕ್ಕೆ ಎಂತಕ್ಕೆ ಹೇಳ್ತೀಯ?"

"ಕಾಣ್ತದೆ ಅಂತ ನಾನು ಒಂದಿನವೂ ಹೇಳಿಲ್ಲ. 'ನಮ್ಮ ಟೀಚರ್ ಹೇಳ್ತಿದ್ರು' ಅಂತಷ್ಟೇ ಹೇಳೋದು. ಸುಳ್ಳು ನಂದಲ್ಲ ಟೀಚರ್, ನಿಮ್ಮದು."

"ಹಡಗು?"

ಅವನು ತಲೆ ಕೆರೆದುಕೊಂಡ. "ಹಡಗು ನಂದು."

ಮೊದಲು ನಕ್ಕದ್ದು ಮ್ಯಾನೇಜರ ಹೆಂಡತಿ. ಬೆಳಿಗ್ಗೆಯಿಂದ ಒಂದು ಮಾತೂ ಆಡದಿದ್ದ ಅವರು ಕಟ್ಟೆ ಹಿಡಿದು ನಗತೊಡಗಿದರು. ಆಮೇಲೆ ಎಲ್ಲರೂ. ಕೊನೆಗೆ ಅತ್ತೆ. ಅವರು ನಗುವಾಗ ಅಳುತ್ತಿದ್ದರೋ, ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತೋ ಗೊತ್ತಿಲ್ಲ. ನಾನು ಕನ್ನಡಕ ಹಾಕಿಕೊಳ್ಳಿ ಎಂದೆ. ಬೇಡ ಎಂದರು.

ಅರ್ಧ ಗಂಟೆ ಕಾದ ಮೇಲೆ ಮಂಜು ಹರಿಯಿತು. ಯಾರೋ ಬಾಗಿಲು ತೆಗೆದ ಹಾಗೆ ಕಣಿವೆಯ ತಳದಿಂದ ಒಂದೊಂದೇ ಗುಡ್ಡ ಮೇಲೆ ಬಂತು. ಅತ್ತೆ ಕಟ್ಟೆಯ ಮೇಲೆ ಕೂತು, ಪಕ್ಕದ ಜಾಗ ತಟ್ಟಿ ಗೈಡನ್ನು ಕರೆದರು. "ಈಗ ನೀನು ಹೇಳು. ನಾನು ಕೇಳ್ತೀನಿ. ಒಂದೂ ಸೇರಿಸ್ಬಾರ್ದು."

ಅವನು ಸೇರಿಸದೆ ಹೇಳಿದ. ಅಗೋ ಬಾಬಾಬುಡನ್‌ಗಿರಿಯ ಸಾಲು, ಅದರ ಮಡಿಲಲ್ಲಿ ಅತ್ತಿಗುಂಡಿ. ಆ ಮಿನುಗುತ್ತಿರುವುದು ಕೆರೆ. ಅಲ್ಲಿ ಪುಡಿ ಚೆಲ್ಲಿದ ಹಾಗೆ ಇರುವುದು ಚಿಕ್ಕಮಗಳೂರು. ನಾನು ನಮ್ಮ ತಾರಸಿ ಹುಡುಕಿದೆ. ಸಿಗಲಿಲ್ಲ. ಅತ್ತೆ ನಡುನಡುವೆ ಪ್ರಶ್ನೆ ಕೇಳಿದರು. ನಮ್ಮ ಶಾಲೆ ಯಾವ ಕಡೆ? ಅವನು ನೈಋತ್ಯಕ್ಕೆ ಕೈ ತೋರಿಸಿ, ಆ ನೀಲಿ ಗುಡ್ಡದ ಆಚೆ ಇನ್ನೊಂದು ಗುಡ್ಡ, ಅದರಾಚೆ, ಇಲ್ಲಿಂದ ಕಾಣುವುದಿಲ್ಲ ಎಂದ. ಕಾಣದಿದ್ದರೂ ಅವರು ಬಹಳ ಹೊತ್ತು ಅತ್ತಲೇ ನೋಡುತ್ತಿದ್ದರು.

ಮ್ಯಾನೇಜರು ಫೋನು ಹಿಡಿದು ಪಶ್ಚಿಮಕ್ಕೆ ತಿರುಗಿ ನಿಂತಿದ್ದರು. "ಲೆಕ್ಕ ಹಾಕಿದ್ರೆ ಕಾಣೋ ಸಾಧ್ಯತೆ ಪೂರ್ತಿ ಇಲ್ಲ ಅನ್ನೋ ಹಾಗಿಲ್ಲ ಮೇಡಂ," ಎಂದು ಅತ್ತೆಯ ಪರವಾಗಿ ವಾದ ಶುರು ಮಾಡಿದರು. ಅತ್ತೆ ಅವರನ್ನು ಸುಮ್ಮನಿರಿಸಿದರು.

ವಾಪಸ್ ಬರುವಾಗ ಟೆಂಪೋದಲ್ಲಿ ಗಲಾಟೆಯೋ ಗಲಾಟೆ. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಗೈಡ್ ಮೈಕನ್ನು ಹಿಂದಕ್ಕೆ ಕಳಿಸಿದ. "ನಮ್ಮ ಟೀಚರ್ ಒಪ್ಕೊಂಡಾಯ್ತು. ಮತ್ಯಾರದ್ದಾದ್ರೂ ಸುಳ್ಳು ಇದ್ರೆ ಇವತ್ತೇ ಮುಗಿಸ್ಕೊಳಿ."

ತಮಾಷೆಗೆ ಹೇಳಿದ್ದು. ಆದರೆ ಹುಬ್ಬಳ್ಳಿಯ ಹುಡುಗಿ ಮೈಕು ತೆಗೆದುಕೊಂಡುಬಿಟ್ಟಳು. "ನನಗ ಕಾಫಿ ಸೇರಂಗಿಲ್ರೀ. ಇವ್ರು ಖುಷಿಯಿಂದ ಕೊಡಸ್ತಾರಂತ ಮೂರು ದಿನದಿಂದ ಕುಡ್ಯಾಕತ್ತೀನಿ." ಗಂಡ ಹೌಹಾರಿ ಅವಳನ್ನು ನೋಡಿದ. ಆಮೇಲೆ ತಾನೂ ಮೈಕು ಕೇಳಿ ಪಡೆದು, "ನನಗೂ ಚಹಾನ ಸೇರತೈತ್ರಿ" ಎಂದ. ಮ್ಯಾನೇಜರ ಹೆಂಡತಿ ಗಂಡನ ಮೊಣಕೈ ತಿವಿದರು. ಅವರು ಕೆಮ್ಮಿ, ಆ ಫೋನಿನ ಲೆಕ್ಕ ತಮಗೆ ಅರ್ಧ ಅರ್ಥವಾಗುವುದಿಲ್ಲ, ಮೊಮ್ಮಗ ಹಾಕಿಕೊಟ್ಟದ್ದು ಎಂದು ಒಪ್ಪಿಕೊಂಡರು. ಮೈಕು ನನ್ನ ಕೈಗೆ ಬರುವಷ್ಟರಲ್ಲಿ ಪುಣ್ಯಕ್ಕೆ ಊರು ಬಂತು.

ಆ ಸಂಜೆ ಅತ್ತೆ ನಮ್ಮ ಅಡುಗೆಮನೆಯಲ್ಲಿ ಕೂತು ಬಿಸಿನೀರಿಗೆ ಕಾಲಿಟ್ಟುಕೊಂಡು, ಮಗನಿಗೆ ತಾವೇ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ. ಮೂಡಿಗೆರೆಗೆ ಹೋದ ಮೇಲೆ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಯಾರ ನಂಬರು ಸಿಕ್ಕಿತೋ ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ತಪ್ಪೊಪ್ಪಿಕೊಂಡರಂತೆ. ಕೆಲವರಿಗೆ ಆ ಪಾಠವೇ ಮರೆತುಹೋಗಿತ್ತು. ಅದು ಅತ್ತೆಗೆ ಹೆಚ್ಚು ಬೇಜಾರಾದ ಸಂಗತಿ. ಕಳಸದಲ್ಲಿ ಬೇಕರಿ ಇಟ್ಟಿರುವ ಒಬ್ಬಳು ಮಾತ್ರ ಗಾಬರಿಯಾದಳಂತೆ.

"ಅಯ್ಯೋ ಟೀಚರ್, ನಾನು ನನ್ನ ಮಕ್ಕಳಿಗೂ ಹೇಳ್ಬಿಟ್ಟಿದ್ದೀನಲ್ಲ! ಈಗ ಎಂತ ಮಾಡೋದು?"

"ಕರ್ಕೊಂಡು ಬಾ. ನಾನೇ ತೋರಿಸ್ತೀನಿ," ಎಂದರಂತೆ ಅತ್ತೆ.

ಫೆಬ್ರವರಿಯಲ್ಲಿ ಅವರೆಲ್ಲ ಬಂದರು. ನಾನೂ ಹೋಗಬೇಕಾಯಿತು. ಈ ಸಲ ಆಕಾಶ ಶುಭ್ರವಾಗಿತ್ತು. ಬೇಕರಿಯವಳ ಇಬ್ಬರು ಮಕ್ಕಳನ್ನು ಎರಡು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆ ಒಂದೊಂದೇ ಗುಡ್ಡದ ಹೆಸರು ಹೇಳಿದರು. ಒಂದು ಕಡೆ ತಡವರಿಸಿ, "ಅದರ ಹೆಸರು ನಂಗೆ ಗೊತ್ತಿಲ್ಲ" ಎಂದರು. ಮಕ್ಕಳು ಸುಮ್ಮನೆ ತಲೆಯಾಡಿಸಿ ಮುಂದಿನದನ್ನು ಕೇಳಿದರು.